ಹೆಸರಿದ್ದ ಕಲ್ಲು, ಹೆಸರಿಲ್ಲದ ಭಾರ

ರಾಜ್ಯಗಳು ಉರುಳಿದ ಸುದ್ದಿಯನ್ನು ಕೂಡ ಇಷ್ಟು ಗಂಭೀರವಾಗಿ ಯಾರೂ ಸಾರಿರಲಾರರು. ಊಟ ಮುಗಿಸಿ, ಕರವಸ್ತ್ರದಿಂದ ಮೀಸೆಯ ಎರಡೂ ತುದಿಗಳನ್ನು ಒರೆಸಿಕೊಂಡು ಬಂದ ಮೇಷ್ಟ್ರು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತರು, ಕೆಮ್ಮಿದರು, ಕಚೇರಿ ಪೂರ್ತಿ ತಮ್ಮ ಕಡೆ ತಿರುಗುವವರೆಗೆ ಕಾದರು, ಆಮೇಲೆ ಹೇಳಿದರು: ಸರ್ವರ್ ಯಂತ್ರವನ್ನು ನಿಲ್ಲಿಸುವ ಗುಂಡಿಯ ಮೇಲೆ ಅಂಟಿಸಿದ್ದ ಕಾಗದದ ಎಡಗಡೆಯ ಮೂಲೆ ಬಿಟ್ಟುಕೊಂಡಿದೆ.

ಎಲ್ಲರೂ ಎದ್ದು ನಿಂತರು. ಫೋನಿನಲ್ಲಿ ಯಾವುದೋ ಕ್ಲಿನಿಕ್ಕಿನ ಕ್ಷಮೆ ಕೇಳುತ್ತಿದ್ದ ಅಕ್ಕ ಕೂಡ ಕ್ಷಮೆಯನ್ನು ಅರ್ಧಕ್ಕೇ ನಿಲ್ಲಿಸಿ ಎದ್ದಳು.

ಕಾಗದ ಅಂಗೈಯಗಲದ್ದು. ಅದರ ಮೇಲೆ, ತನಿಖೆಗೆಂದು ಕರೆಸಿದ್ದ ಸೂಜಿ ಮೇಡಂ ಸ್ವಂತ ಕೈಯಲ್ಲಿ ಬರೆದದ್ದು ಒಂದೇ ಮಾತು: ‘ಇದನ್ನು ಮುಟ್ಟಿದವರೇ ಅದನ್ನು ಮಾಡಿದವರು.’ ತರ್ಕದ ದೃಷ್ಟಿಯಿಂದ ಮಾತು ಅಷ್ಟೇನೂ ಗಟ್ಟಿಯಲ್ಲ. ಆದರೆ ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮುಗಳ ಬೂದಿ ಕೆದಕುತ್ತಲೇ ತಲೆ ನರೆಸಿಕೊಂಡ ಆಕೆಗೆ, ತರ್ಕಕ್ಕಿಂತ ದಿಗಿಲು ಬೇಗ ಕೆಲಸ ಮಾಡುತ್ತದೆಂದು ಗೊತ್ತಿತ್ತು. ಸೂಜಿ ಎಂಬ ಹೆಸರನ್ನು ಇಟ್ಟವರು ಆ ಗೋದಾಮುಗಳ ಮಾಲೀಕರು. ಆಕೆ ಅದನ್ನು ಬಿರುದೆಂದು ಇಟ್ಟುಕೊಂಡಿದ್ದರು.

ಸೂಜಿ ಮೇಡಂ ಬಗ್ಗಿ, ಕನ್ನಡಕ ಏರಿಸಿ, ಮೂಲೆಯನ್ನು ನೋಡಿದರು. ಯಂತ್ರದ ಪಂಖದಿಂದ ಬಿಸಿಗಾಳಿ ನೇರವಾಗಿ ಅದರ ಮೇಲೆಯೇ ಬೀಸುತ್ತಿತ್ತು.

"ಅಪರಾಧಿ ಗಾಳಿ," ಎಂದರು. "ಬಿಟ್ಟುಬಿಡೋಣ, ಸಂಸಾರಸ್ಥ."

ಟೇಪು ತರಿಸಿ ನಾಲ್ಕೂ ಮೂಲೆಗೆ ಮತ್ತೆ ಅಂಟಿಸಿದರು. ಯಾರೂ ನಗಲಿಲ್ಲ. ಈ ಕಚೇರಿಯಲ್ಲಿ ಸೋಮವಾರದಿಂದ ಯಾರೂ ನಕ್ಕಿರಲಿಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಉಂಗುರವೊಂದಿದೆ. ಅದು ಸೋಮವಾರದಿಂದ ಕೆಂಪಗೆ ತುಂಬಿ ನಿಂತಿತ್ತು. ತಲೆ ಎತ್ತಿದರೆ ಅದು ಕಾಣುತ್ತದೆಂದು ಎಲ್ಲರೂ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದರು.

ಈ ಯಂತ್ರದ ಹೊಟ್ಟೆಯಲ್ಲಿ ಇರುವುದು ಹಲ್ಲುಗಳು. ಊರೂರಿನ ದಂತವೈದ್ಯರು ತೆಗೆದ ಎಕ್ಸ್‌ರೇ ಚಿತ್ರಗಳು ವೆಬ್‌ಸೈಟಿನ ಮೂಲಕ ಬಂದು ಇದರ ಡಿಸ್ಕಿನಲ್ಲಿ ಕೂರುತ್ತವೆ. ವೈದ್ಯರು ಬೇಕೆಂದಾಗ ತೆರೆದು ನೋಡುತ್ತಾರೆ, ಕೀಳಬೇಕಾದದ್ದನ್ನು ಕೀಳುತ್ತಾರೆ. ಸೋಮವಾರ ಡಿಸ್ಕ್ ತುಂಬಿಹೋಯಿತು. ತುಂಬಿದ ಮೇಲೂ ವೆಬ್‌ಸೈಟು ಬಂದ ಪ್ರತಿ ಚಿತ್ರಕ್ಕೂ ‘ಚಿತ್ರ ಸೇರಿದೆ, ವಂದನೆಗಳು’ ಎಂದಿತು, ಸೇರಿಸಿಕೊಳ್ಳಲಿಲ್ಲ. ಮನೆ ತುಂಬ ನೆಂಟರಿರುವಾಗ ಹೊಸದಾಗಿ ಬಂದವರನ್ನು ‘ಬನ್ನಿ ಬನ್ನಿ’ ಎನ್ನುತ್ತಲೇ ಹೊಸಿಲಾಚೆ ನಿಲ್ಲಿಸುವವರ ಹಾಗೆ.

ವಂದನೆಯನ್ನು ನಂಬಿದ ವೈದ್ಯರೊಬ್ಬರು ರೋಗಿಯ ಪುಟ ತೆರೆದರು. ಅಲ್ಲಿದ್ದದ್ದು ಹೋದ ವರ್ಷದ ಚಿತ್ರ. ಅದರಲ್ಲಿ ಕೆಟ್ಟಿದ್ದ ಹಲ್ಲು ಆಮೇಲೆ ರಿಪೇರಿಯಾಗಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ವೈದ್ಯರು ಅದನ್ನೇ ಕಿತ್ತರು.

ಹಲ್ಲು ಯಾರದಾದರೂ ಆಗಬಹುದಿತ್ತು. ಆದದ್ದು ಈ ಕಚೇರಿಯ ಯಜಮಾನರ ಅತ್ತೆಯದು.

ಆ ಹಲ್ಲು ಈಗ ಮುಚ್ಚಳದ ಪುಟ್ಟ ಡಬ್ಬಿಯೊಂದರಲ್ಲಿ ಸೂಜಿ ಮೇಡಂ ಮೇಜಿನ ಮೇಲಿತ್ತು. ಹಿರಿಯಾಕೆ ಅದನ್ನು ಮಗಳ ಕೈಯಲ್ಲಿ ಕಳಿಸಿದ್ದರು, ಜೊತೆಗೊಂದು ಮಾತನ್ನೂ: ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋ ಗಾದೆ ಕೇಳಿದ್ದೆ, ಕಡಲೆಯೂ ಇದ್ದು ಹಲ್ಲೂ ಇದ್ದು ಅಳಿಯನೂ ಇದ್ದರೆ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ.

ಮಗಳೆಂದರೆ ಯಜಮಾನರ ಹೆಂಡತಿ, ಕಚೇರಿಗೆಲ್ಲ ಅಕ್ಕ. ಕ್ಲಿನಿಕ್ಕುಗಳ ಜೊತೆಗಿನ ವ್ಯವಹಾರ ಅವಳದು. ಯಂತ್ರ ನೋಡಿಕೊಳ್ಳುವವಳು ಯಜಮಾನರ ತಮ್ಮನ ಹೆಂಡತಿ; ಮನೆಯಲ್ಲೂ ಕಚೇರಿಯಲ್ಲೂ ಚಿಕ್ಕಿ. ಇಬ್ಬರು ವಾರಗಿತ್ತಿಯರು ಒಂದೇ ಅಡುಗೆಮನೆಯಲ್ಲಿ ಬಾಳಬಹುದು, ಒಂದೇ ಸರ್ವರಿನ ಮೇಲೆ ಕಷ್ಟ. ತಪ್ಪು ಚಿಕ್ಕಿಯದೇ ಎಂಬುದರಲ್ಲಿ ಅಕ್ಕನಿಗೆ ಅನುಮಾನವಿರಲಿಲ್ಲ. ಎಲ್ಲ ಕ್ಲಿನಿಕ್ಕುಗಳಿಗೂ ಕಳಿಸಬೇಕಾದ ಹೇಳಿಕೆಯನ್ನು ಅವಳು ಬರೆದೂ ಇಟ್ಟಿದ್ದಳು: ಯಂತ್ರ ನೋಡಿಕೊಳ್ಳುತ್ತಿದ್ದವರು ಎಚ್ಚರಿಕೆಯ ಗಂಟೆಯನ್ನು ಅಡಗಿಸಿ, ಡಿಸ್ಕ್ ತುಂಬಿದ ಮೇಲೆ ಜಾಗಕ್ಕಾಗಿ ಚಿತ್ರಗಳನ್ನು ಅಳಿಸಿದ್ದಾರೆ, ಅವರನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ಚಿಕ್ಕಿಯ ಸಹಿಗೆ ಜಾಗ ಬಿಟ್ಟಿತ್ತು.

ಪರ ಊರಿನ ಕ್ಲಿನಿಕ್ಕೊಂದನ್ನು ಸಮಾಧಾನ ಮಾಡಲು ಹೋಗಿದ್ದ ಯಜಮಾನರು ಸಂಜೆಗೆ ಬರುತ್ತಾರೆ. ಬಂದ ಕೂಡಲೇ ಹೇಳಿಕೆ ಹೊರಡುತ್ತದೆ. ಅಲ್ಲಿಯವರೆಗೆ ಸೂಜಿ ಮೇಡಂಗೆ ಅವಕಾಶ, ಚಿಕ್ಕಿಗೆ ಹೆಸರು.

*

"ಇನ್ನೊಂದು ಸಲ ಹೇಳಮ್ಮ," ಎಂದು ಸೂಜಿ ಮೇಡಂ ಹಿಂದಿನ ಕೋಣೆಯಲ್ಲಿ ಸ್ಟೂಲೆಳೆದು ಕೂತರು. "ನನಗೆ ಗೋದಾಮು ಅರ್ಥವಾಗುತ್ತೆ, ಡಿಸ್ಕ್ ಅರ್ಥವಾಗೋದಿಲ್ಲ. ಗೋದಾಮಿನ ಲೆಕ್ಕದಲ್ಲೇ ಹೇಳು."

ಚಿಕ್ಕಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮಾತಾಡುವಾಗ ಅವಳು ಎದುರಿಗಿದ್ದವರ ಭುಜ ನೋಡುತ್ತಿದ್ದಳು, ಮುಖ ಅಲ್ಲ.

"ಎರಡು ಥರ ಕೇಳಿದೆ ಮೇಡಂ. ಡಿಸ್ಕನ್ನೇ ಕೇಳಿದ್ರೆ ತುಂಬಿ ತುಳುಕ್ತಿದೀನಿ ಅನ್ನುತ್ತೆ. ಒಳಗಿರೋ ಫೈಲುಗಳನ್ನ ಒಂದೊಂದಾಗಿ ತೂಗಿ ಕೂಡಿಸಿದ್ರೆ ಅರ್ಧವೂ ಬರಲ್ಲ."

ಗೋದಾಮು ಭರ್ತಿ, ಮಾಲು ಅರ್ಧ. ಇಂಥದ್ದನ್ನು ಸೂಜಿ ಮೇಡಂ ತಮ್ಮ ಕಾಲದಲ್ಲಿ ಕಂಡಿದ್ದರು. ಆಗೆಲ್ಲ ಮಾಲೀಕರು ದೇವರ ಮೇಲೆ ಆಣೆ ಇಡುತ್ತಿದ್ದರು.

"ಹಾಗಾದ್ರೆ ಉಳಿದರ್ಧದಲ್ಲಿ ಮಲಗಿರೋರು ಯಾರು?"

ಚಿಕ್ಕಿ ಬಿಡಿಸಿ ಹೇಳಿದಳು. ವೆಬ್‌ಸೈಟನ್ನು ನಡೆಸುವ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಒಂದು ಫೈಲಿನಲ್ಲಿ ಗೀಚುತ್ತಾ ಹೋಗುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಮಾಮೂಲಿಗೆ ಅದು ಮಿತಭಾಷಿ. ಯಾರೋ ಅದಕ್ಕೆ ‘ಎಲ್ಲವನ್ನೂ ಬರೆ’ ಎಂದು ಅಪ್ಪಣೆ ಕೊಟ್ಟಿದ್ದಾರೆ. ಅದು ಉಸಿರೆಳೆದದ್ದನ್ನೂ ಬರೆಯುತ್ತಾ, ಊದಿ ಊದಿ ಡಿಸ್ಕನ್ನು ತುಂಬಿದೆ. ಗಾಬರಿಯಾದ ಯಾರೋ ಆ ಫೈಲನ್ನು ಅಳಿಸಿದ್ದಾರೆ. ಆದರೆ ಪ್ರೋಗ್ರಾಂ ಇನ್ನೂ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದೆ. ಹಿಡಿದಿರುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ.

"ಬಾಡಿಗೆಯವನ ಹೆಸರಿನ ಫಲಕ ಕಿತ್ತು ಹಾಕಿದ ಹಾಗೆ ಮೇಡಂ. ಫಲಕ ಹೋಯ್ತು. ಆಸಾಮಿ ಒಳಗೇ ಇದಾನೆ."

"ಅವನನ್ನು ಎಬ್ಬಿಸೋದು ಹೇಗೆ?"

"ಸುಲಭ. ಪ್ರೋಗ್ರಾಂ ಒಂದು ಸಲ ನಿಲ್ಲಿಸಿ ಶುರು ಮಾಡಿದ್ರೆ ಮುಗೀತು. ಜಾಗ ವಾಪಸ್ಸು, ವೆಬ್‌ಸೈಟು ಸರಿ. ಅವನು ಮಾತ್ರ ಇನ್ನೆಂದೂ ಸಿಗಲ್ಲ."

ಸಂಕಟ ಇಲ್ಲೇ ಇತ್ತು. ಹೋದದ್ದು ಚಿತ್ರಗಳಲ್ಲ, ಲಾಗ್ ಎಂಬುದಕ್ಕೆ ಈ ತುಂಬಿದ ಡಿಸ್ಕೇ ಸಾಕ್ಷಿ. ರೀಸ್ಟಾರ್ಟ್ ಮಾಡಿದರೆ ಕಾಯಿಲೆಯೂ ವಾಸಿ, ಸಾಕ್ಷಿಯೂ ಸಮಾಧಿ. ಅರ್ಧ ಖಾಲಿ ಡಿಸ್ಕನ್ನು ತೋರಿಸಿ ‘ನೋಡಿ, ಅಳಿಸಿ ಜಾಗ ಮಾಡಿಕೊಂಡಿದ್ದಾಳೆ’ ಎಂದರೆ ಯಾರು ಬೇಕಾದರೂ ನಂಬುತ್ತಾರೆ. ಅದಕ್ಕೇ ಮೂರು ದಿನದಿಂದ ಕ್ಲಿನಿಕ್ಕುಗಳ ಬೈಗುಳ ತಿನ್ನುತ್ತಾ, ಕಾಯಿಲೆ ಬಿದ್ದ ಯಂತ್ರವನ್ನು ಹಾಗೆಯೇ ನಿಲ್ಲಿಸಿಕೊಂಡಿದ್ದರು. ಹಿಂದಿನ ಕೋಣೆಯ ಕಾವಲನ್ನು ಸೂಜಿ ಮೇಡಂ ಚಿಕ್ಕಿಗೇ ವಹಿಸಿದ್ದರು. ಸಾಕ್ಷಿ ಯಾರ ಪರವೋ ಅವರೇ ಕಾದರೆ ಚೆನ್ನ ಎಂಬುದು ಅವರ ವೃತ್ತಿಯ ಹಳೆಯ ನಂಬಿಕೆ.

"ಅವನು ಒಳಗೇ ಇದ್ದರೆ ಮಾತಾಡಿಸೋಕೆ ಆಗುತ್ತಾ?"

"ಆಗುತ್ತೆ. ಮೊದಲನೇ ಸಾಲಲ್ಲೇ, ಎಲ್ಲ ಬರೆ ಅಂತ ಅಪ್ಪಣೆ ಕೊಟ್ಟೋರು ಯಾವ ಮೆಷಿನ್ನಿಂದ ಕೊಟ್ರು ಅಂತ ಇರುತ್ತೆ. ಆದ್ರೆ ಇಣುಕೋಕೆ ದೊಡ್ಡ ಪಾಸ್‌ವರ್ಡ್ ಬೇಕು. ಅದು ಭಾವನ ಹತ್ರ ಮಾತ್ರ ಇದೆ."

ಭಾವ, ಅಂದರೆ ಯಜಮಾನರು, ಅದನ್ನು ಫೋನಿನಲ್ಲಿ ಹೇಳಲು ಒಪ್ಪಿರಲಿಲ್ಲ. ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಬಾರದೆಂದು ಕಚೇರಿಗೆಲ್ಲ ನಿಯಮ ಮಾಡಿದವರೇ ಅವರು. ಅದು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಂಥ ಪದವೇ ಇರಬೇಕೆಂದು ಮೇಷ್ಟ್ರ ಊಹೆ.

"ಅಪ್ಪಣೆ ಕೊಡೋಕೆ ಯಾರಿಗೆ ಸಾಧ್ಯ?"

"ನನಗೆ. ಪ್ರೋಗ್ರಾಂ ಬರೆದ ಮೇಷ್ಟ್ರಿಗೆ."

"ಇನ್ಯಾರಿಗೂ ಇಲ್ಲವಾ?"

ಚಿಕ್ಕಿ ಸಿಕ್ಕಾಗಿರದ ತಂತಿಯೊಂದರ ಸಿಕ್ಕು ಬಿಡಿಸಿದಳು.

"ಇಲ್ಲ," ಎಂದಳು.

ಇನ್ನೊಂದು ಸಂಗತಿ ಉಳಿದಿತ್ತು: ಕಲ್ಲು.

ಈ ಕಚೇರಿಯಲ್ಲೊಂದು ಪದ್ಧತಿ ಇದೆ. ಡಿಸ್ಕಿನಲ್ಲಿ ಒಂದು ದೊಡ್ಡ ಫೈಲು ಸುಮ್ಮನೆ ಇಟ್ಟಿರುತ್ತಾರೆ. ಅದರೊಳಗೆ ಏನೂ ಇಲ್ಲ, ಭಾರ ಮಾತ್ರ. ಗಡಿಗೆಯಲ್ಲಿ ಕಲ್ಲಿಟ್ಟ ಹಾಗೆ. ಗಡಿಗೆ ತುಂಬಿ ಉಸಿರುಗಟ್ಟಿದಾಗ ಕಲ್ಲನ್ನು ತೆಗೆದರೆ ಆ ಹೊತ್ತಿಗೆ ಜಾಗವಾಗುತ್ತದೆ, ಅಷ್ಟರೊಳಗೆ ಗುಡಿಸಿ ಸಾರಿಸಿ ಮತ್ತೆ ಕಲ್ಲಿಡಬೇಕು. ತೆಗೆದವರು ಎಲ್ಲರಿಗೂ ಹೇಳಬೇಕು ಎಂಬುದೊಂದೇ ಕಟ್ಟಲೆ. ಕಲ್ಲು ತೆಗೆದೆ ಎನ್ನುವುದು ‘ಗಡಿಗೆ ತುಂಬುವವರೆಗೆ ನಾನು ನೋಡಲಿಲ್ಲ’ ಎಂದಂತೆ. ಹೇಳಲು ಸ್ವಲ್ಪ ಧೈರ್ಯ ಬೇಕು.

ಸೋಮವಾರ ಚಿಕ್ಕಿ ಓಡಿಹೋಗಿ ಕಲ್ಲಿಗೆ ಕೈ ಹಾಕಿದಳು. ಹೆಸರು ಇತ್ತು. ತೂಕ ಸೊನ್ನೆ.

"ವಿಚಿತ್ರ," ಎಂದರು ಸೂಜಿ ಮೇಡಂ. "ಕಲ್ಲಿನ ಹೆಸರಿದೆ, ಕಲ್ಲಿಲ್ಲ. ಲಾಗಿನ ಹೆಸರಿಲ್ಲ, ಲಾಗಿದೆ."

*

ಅಕ್ಕನ ಜೊತೆ ಮಾತಾಡುವುದೆಂದರೆ ಅವಳ ಎರಡು ಫೋನುಗಳ ನಡುವೆ ತೂರಿಕೊಳ್ಳುವುದು. ಚಿಕ್ಕಿಯ ಮೇಲೆ ಅವಳಿಗೆ ದ್ವೇಷವೇನೂ ಇರಲಿಲ್ಲ. ಅವಮಾನವಿತ್ತು, ಅದನ್ನು ಇಡಲು ಒಂದು ಜಾಗ ಬೇಕಿತ್ತು. ಕೀಳಿಸಿಕೊಂಡದ್ದು ತನ್ನ ತಾಯಿ ಎಂದು ಕ್ಲಿನಿಕ್ಕುಗಳಿಗೆ ಹೇಳಲಾರಳು, ಬೇರೆ ಯಾರೋ ಎಂದು ಮುಚ್ಚಿಡಲೂ ಆರಳು. ನಂಬಿ ಎಂದು ಬಾಗಿಲು ಬಾಗಿಲಿಗೆ ಹೋಗಿ ಹೇಳಿ ಬಂದವಳು ತಾನು, ಈಗ ಅದೇ ಬಾಗಿಲುಗಳಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಕೇಳಿದಳು.

ಮುಂಚೆ ಎಲ್ಲ ಎಷ್ಟು ಚೆನ್ನಾಗಿ ನಡೆದಿತ್ತು ಎಂದೂ ಹೇಳಿದಳು. ಮೈದುನ, ಅಂದರೆ ಚಿಕ್ಕಿಯ ಗಂಡ, ಊರೂರು ತಿರುಗಿ ವೆಬ್‌ಸೈಟನ್ನು ತೋರಿಸಿ ಬರುವವನು. ಹೋದ ತಿಂಗಳಿಂದ ಅವನ ವ್ಯಾಪಾರ ಕೈಹತ್ತಿತ್ತು.

"ಪರದೆ ತುಂಬ ಸಾಲು ಸಾಲು ಸರಸರ ಓಡೋ ಹಾಗೆ ಮಾಡಿ ತೋರಿಸ್ತಿದ್ದ. ನೋಡಿ ಅತ್ತಿಗೆ, ಬೇರೆಯವರ ಬಾಯಿ ತೆಗೆಸೋ ಡಾಕ್ಟರುಗಳು ತಾವೇ ಬಾಯಿ ತೆಕ್ಕೊಂಡು ಕೂತ್ಕೋತಾರೆ ಅಂತಿದ್ದ. ಹೆಂಡ್ತಿ ಕೆಲಸ ನೋಡಿ ನೋಡಿ ನಂಗೂ ಬಂದ್ಬಿಟ್ಟಿದೆ ಅಂತ ಒಂದೇ ಜಂಬ."

ಸೂಜಿ ಮೇಡಂ ಮುಗುಳ್ನಕ್ಕರು. ಮಾತನ್ನು ಅವರ ಕಿವಿ ಕೇಳಿತು. ತಲೆ ಅಷ್ಟು ಹೊತ್ತಿಗೆ ಬೇರೊಬ್ಬರ ಹಿಂದೆ ಹೊರಟಿತ್ತು.

ಗಂಟೆಯ ವಿಷಯ ಕೇಳಿದಾಗ ಅಕ್ಕ ತಡವರಿಸಿದಳು. ಡಿಸ್ಕ್ ಮುಕ್ಕಾಲು ದಾಟಿದರೆ ಕಚೇರಿಯಲ್ಲಿ ಕರ್ಕಶವಾಗಿ ಬಡಿದುಕೊಳ್ಳುತ್ತಿದ್ದ ಗಂಟೆ ಈಚೆಗೆ ಸುಮ್ಮನಾಗಿತ್ತು. ಅದು ಅಡಗಿದ್ದಕ್ಕೆ ಅವಳಿಗೆ ಖುಷಿಯೇ ಆಗಿತ್ತಂತೆ. ಯಾಕೆ ಅಡಗಿತು ಎಂದು ಕೇಳಿರಲಿಲ್ಲವಂತೆ. ಇದನ್ನು ಹೇಳುವಾಗ ಅವಳು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಅದು ಆಗಲೇ ಬಿಗಿಯಾಗಿತ್ತು.

*

ಟೀ ಕಾಸುವ ಮೂಲೆಯಲ್ಲಿ ಮೇಷ್ಟ್ರು ತಮ್ಮ ಲೋಟ ತೊಳೆಯುತ್ತಿದ್ದರು. ಈ ವೆಬ್‌ಸೈಟಿನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೆದವರು ಅವರು. ಅದಕ್ಕೂ ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಚಿಕ್ಕಿ ಅಲ್ಲಿ ಅವರ ಶಿಷ್ಯೆ. ಕೆಲಸವನ್ನೂ ಗಂಡನನ್ನೂ ಅವಳಿಗೆ ಕೊಡಿಸಿದ್ದು ತಾವೇ ಎಂದು ಅವರು ಆಗಾಗ ಹೇಳಿಕೊಳ್ಳುವುದುಂಟು.

ಸೂಜಿ ಮೇಡಂ ಒಳಗೆ ಬಂದು ಬಾಗಿಲು ಹಾಕಿದರು. ಇಬ್ಬರು ನಿಂತರೆ ಮೂರನೆಯವರು ಉಸಿರಾಡಲಾಗದಷ್ಟು ಜಾಗ.

"ಮೇಷ್ಟ್ರೇ, ಕಲ್ಲನ್ನು ಯಾವಾಗ ತೆಗೆದಿರಿ?"

"ಯಾವ ಕಲ್ಲು?"

"ಗಡಿಗೆಯದು."

ಮೇಷ್ಟ್ರು ಲೋಟವನ್ನು ಇನ್ನೊಮ್ಮೆ ತೊಳೆದರು. "ಅದು ಚಿಕ್ಕಿ ಕೇಳ್ಬೇಕಾದ ಪ್ರಶ್ನೆ ಅಲ್ವಾ ಮೇಡಂ? ಯಂತ್ರ ಅವಳದು."

"ಅವಳು ಕೇಳೋದಿಲ್ಲ. ನಿಮ್ಮನ್ನು ಅನುಮಾನಿಸೋದು ಅವಳಿಗೆ ಬರಲ್ಲ. ಅದಕ್ಕೇ ನಾನು ಬಂದದ್ದು." ಸೂಜಿ ಮೇಡಂ ನಲ್ಲಿ ನಿಲ್ಲಿಸಿದರು. "ಕಲ್ಲು ಇದೆಯೋ ಇಲ್ಲವೋ ಅಂತ ದಿನಾ ಬೆಳಿಗ್ಗೆ ನೋಡೋ ಪುಟ್ಟ ಪ್ರೋಗ್ರಾಂ ಒಂದಿದೆ. ಬರೆದೋರು ಯಾರು?"

"ನಾನೇ."

"ತೂಕ ಸೊನ್ನೆಯಾದ ಮೇಲೂ ಅದು ಕಲ್ಲಿದೆ ಅಂತಲೇ ಹೇಳ್ತಿತ್ತು. ಅಂದ್ರೆ ಹೆಸರು ಮಾತ್ರ ನೋಡುತ್ತೆ, ತೂಕ ನೋಡಲ್ಲ. ಹೌದಾ?"

ಮೇಷ್ಟ್ರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ವಿಷಯ ಚಿಕ್ಕಿಗೆ ಗೊತ್ತಿಲ್ಲ. ತೂಕವನ್ನೂ ನೋಡುತ್ತೆ ಅಂತಲೇ ಅವಳು ತಿಳ್ಕೊಂಡಿದಾಳೆ. ಅವಳೇ ಕಲ್ಲು ಕದ್ದಿದ್ರೆ, ಸೊನ್ನೆ ತೂಕದ ಹೆಸರನ್ನು ಬಿಟ್ಟು ಹೋಗ್ತಾನೇ ಇರಲಿಲ್ಲ. ಹೆಸರಿಟ್ಟರೆ ಸಾಕು, ಯಾರಿಗೂ ಗೊತ್ತಾಗಲ್ಲ ಅಂತ ತಿಳಿದೋರು ಇಲ್ಲಿ ಒಬ್ಬರೇ."

ತೊಳೆದ ಲೋಟದಿಂದ ನೀರು ಮೇಷ್ಟ್ರ ಅಂಗಿಯ ತೋಳಿಗೆ ಇಳಿಯುತ್ತಿತ್ತು. ಅವರು ಗಮನಿಸಲಿಲ್ಲ.

ಆಮೇಲೆ ಹೇಳಿದರು. ಒಂದು ರಜೆಯ ದಿನ ಗಂಟೆ ಹೊಡೆದುಕೊಂಡಿತ್ತು. ಕಚೇರಿಯಲ್ಲಿ ಇದ್ದದ್ದು ಅವರೊಬ್ಬರೇ. ಕಾರಣ ನೋಡಿದರೆ ತಮ್ಮದೇ ಹಳೆಯ ತಪ್ಪು: ಚಿತ್ರ ಬರುವಾಗ ನಡುವೆ ತುಂಡಾದರೆ, ಆ ತುಂಡುಗಳನ್ನು ಗುಡಿಸಿ ಹಾಕುವ ಸಾಲನ್ನು ಅವರು ಬರೆದೇ ಇರಲಿಲ್ಲ. ವರ್ಷಗಳಿಂದ ಕಸ ಕೂತಿತ್ತು. ಕಲ್ಲು ತೆಗೆದರು, ಕೈಗೆ ಸಿಕ್ಕಷ್ಟು ಕಸ ಗುಡಿಸಿದರು. ನಾಳೆ ಕಲ್ಲಿಡೋಣ ಎಂದುಕೊಂಡರು. ನಾಳೆಗೆ ಕಲ್ಲಿಗೆ ಸಾಲುವಷ್ಟು ಜಾಗವಿರಲಿಲ್ಲ, ಬರೀ ಹೆಸರಿಟ್ಟರು. ಗಂಟೆ ಮತ್ತೆ ಬಾಯಿ ತೆಗೆಯುವ ಮೊದಲು, ಡಿಸ್ಕ್ ಪೂರ್ತಿ ತುಂಬುವವರೆಗೂ ಅದು ಹೊಡೆಯದ ಹಾಗೆ ತಿರುಗಿಸಿದರು.

"ಅಡಗಿಸ್ಲಿಲ್ಲ ಮೇಡಂ. ಸ್ವಲ್ಪ ತಡವಾಗಿ ಹೊಡೀಲಿ ಅಂತ ಮಾಡ್ದೆ."

"ಮನೆ ಸುಟ್ಟ ಮೇಲೆ ಕೂಗೋ ಕಾವಲುಗಾರನ ಹಾಗೆ."

"ಹೂಂ."

"ಎಲ್ಲರಿಗೂ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ."

ಇಲ್ಲಿ ಮೇಷ್ಟ್ರ ಮುಖ ಕಿವಿಯವರೆಗೆ ಕೆಂಪಾಯಿತು. ಅಷ್ಟು ವಯಸ್ಸಾದವರ ಮುಖ ಅಷ್ಟು ಕೆಂಪಾಗುವುದನ್ನು ನೋಡಬಾರದೆಂದು ಸೂಜಿ ಮೇಡಂ ಟೀ ಡಬ್ಬಿಯ ಕಡೆ ತಿರುಗಿದರು.

"ಅದಕ್ಕಿಂತ ಸ್ವಲ್ಪ ಮುಂಚೆ ಚಿಕ್ಕಿ ಒಂದು ಸಲ ಕಲ್ಲು ತೆಗೆದಿದ್ಲು. ಬೆಳಿಗ್ಗೆ ತೆಗೆದೋಳು ಮಧ್ಯಾಹ್ನ ಬಂದು ಹೇಳಿದ್ಲು. ಅಷ್ಟಕ್ಕೇ ನಾನು ಎಲ್ಲರೆದುರಿಗೆ ನಿಲ್ಲಿಸಿಕೊಂಡು ಬೈದೆ. ಕಲ್ಲು ತೆಗೆದೋರು ಕಳ್ಳರಲ್ಲ, ಹೇಳದೆ ಇರೋರು ಕಳ್ಳರು ಅಂದೆ. ಮಾತು ಚೆನ್ನಾಗಿ ಬಂತು ಅಂತ ಎರಡು ಸಲ ಅಂದೆ."

"ಅವಳು ಏನಂದಳು?"

"ಸರಿ ಮೇಷ್ಟ್ರೇ, ಕಲಿತೆ, ಅಂದ್ಲು."

ಕೆಟಲಿನಲ್ಲಿ ಉಳಿದ ನೀರು ತಣ್ಣಗಾಗುತ್ತಾ ಟಿಕ್ ಎಂದಿತು.

"ಈಗ ಮೂರು ದಿನದಿಂದ ಅದೇ ಹುಡುಗಿ ಕಳ್ಳಿ ಅನ್ನಿಸಿಕೊಳ್ತಿದಾಳೆ. ನೀವು ಲೋಟ ತೊಳೀತಿದೀರಿ."

"ದಿನಾ ಹೇಳ್ಬೇಕು ಅಂತಲೇ ಬರ್ತೀನಿ ಮೇಡಂ. ಅವಳು ‘ಊಟ ಆಯ್ತಾ ಮೇಷ್ಟ್ರೇ’ ಅಂತ ಕೇಳ್ತಾಳೆ. ಆಗ ಬಾಯೇ ಬರಲ್ಲ."

ಬೆಳಿಗ್ಗೆಯಿಂದ ಕಾಗದದ ಮೂಲೆಯ ಮೇಲೆ ಕಣ್ಣಿಟ್ಟು ಕೂತಿದ್ದದ್ದೂ ಅದಕ್ಕೇ ಎಂದರು. ಆ ಯಂತ್ರ ಹೀಗೇ ಉಳಿದರೆ ಹುಡುಗಿ ಬಚಾವಾಗುತ್ತಾಳೆ, ತಾವು ಬಾಯಿ ಬಿಡುವುದೇ ಬೇಡವಾಗಬಹುದು ಎಂಬ ಆಸೆ. ಹೇಳಿ ಮುಗಿಸಿದ ಮೇಲೆ ಆ ಆಸೆಯೇ ಎಲ್ಲಕ್ಕಿಂತ ಕೊಳಕಾಗಿ ಕಂಡಿರಬೇಕು. ಅವರು ಕನ್ನಡಕ ತೆಗೆದು ಜೇಬಿಗಿಟ್ಟರು.

"ಸಂಜೆ ಯಜಮಾನರ ಮುಂದೆ ಹೇಳ್ತೀರಾ?"

"ಎಲ್ಲರೂ ಇರ್ತಾರಾ?"

"ಅವಳಿಗೆ ಬೈದಾಗ ಎಲ್ಲರೂ ಇದ್ದರಲ್ಲ."

ಮೇಷ್ಟ್ರು ತಲೆಯಾಡಿಸಿದರು. ಹೇಳುತ್ತೇನೆ ಎಂದರು. ಆಮೇಲೆ, ತಪ್ಪು ಒಪ್ಪಿದವರಿಗೆ ಬರುವ ಒಂದು ಬಗೆಯ ನಿಷ್ಠುರದಿಂದ, ಒಂದು ಮಾತು ಸೇರಿಸಿದರು.

"ಆದ್ರೆ ಲಾಗ್ ಊದಿಸಿದ್ದು ನಾನಲ್ಲ. ಅಳಿಸಿದ್ದೂ ನಾನಲ್ಲ. ಓಡ್ತಿರೋ ಪ್ರೋಗ್ರಾಮಿನ ಲಾಗನ್ನು ಅಳಿಸಬಾರದು, ಒಳಗಿರೋದನ್ನು ಮಾತ್ರ ಖಾಲಿ ಮಾಡ್ಬೇಕು. ಇದು ನನ್ನ ಮೊದಲನೇ ಪಾಠ."

"ಚಿಕ್ಕಿಗೂ ಹೇಳಿಕೊಟ್ಟಿದ್ದಿರಾ?"

"ನಿದ್ದೆಗಣ್ಣಲ್ಲೂ ಆ ತಪ್ಪು ಮಾಡಲ್ಲ ಅವಳು."

ಸೂಜಿ ಮೇಡಂ ಬಾಗಿಲ ಹಿಡಿಯ ಮೇಲೆ ಕೈಯಿಟ್ಟವರು ಹಾಗೇ ನಿಂತರು. ಹೆಸರುಳಿಸಿ ಭಾರ ಕದ್ದವರು ಬಲ್ಲವರು. ಹೆಸರು ಅಳಿಸಿ ಭಾರ ಉಳಿಸಿದವರು ಬಲ್ಲವರಲ್ಲ. ಬಲ್ಲವರ ಪಕ್ಕದಲ್ಲಿ ಕೂತು ಅರ್ಧ ನೋಡಿ ಕಲಿತವರು.

ನೋಡಿ ನೋಡಿ ಕಲಿತವರು.

ಅಕ್ಕನ ಮಾತು ಈಗ ಕಿವಿಯಿಂದ ತಲೆಗೆ ಇಳಿಯಿತು. ಚಿಕ್ಕಿಯ ಗಂಡ ವೈದ್ಯರಿಗೆ ತೋರಿಸುತ್ತಿದ್ದ, ಪರದೆ ತುಂಬ ಸರಸರ ಓಡುವ ಸಾಲುಗಳು: ಎಲ್ಲವನ್ನೂ ಬರೆಯುವ ಲಾಗ್.

*

ಬಾಗಿಲು ತೆಗೆದಾಗ ಕಚೇರಿ ಬದಲಾಗಿತ್ತು. ಏನೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಎಲ್ಲರ ತಲೆಯೂ ಮೇಲಿತ್ತು.

ಗೋಡೆಯ ಪರದೆಯ ಮೇಲಿನ ಉಂಗುರ ಹಸಿರಾಗಿತ್ತು. ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಅಕ್ಕ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದಳು. ಸರಿಹೋಯಿತು ಡಾಕ್ಟರೇ, ಈಗ ಕಳಿಸಿ, ಎಲ್ಲವನ್ನೂ ಕಳಿಸಿ, ಎನ್ನುತ್ತಿದ್ದಳು.

ಸೂಜಿ ಮೇಡಂ ಹಿಂದಿನ ಕೋಣೆಗೆ ಓಡಿದರು. ಆಕೆ ಓಡುವುದನ್ನು ಸುಟ್ಟ ಗೋದಾಮುಗಳ ಮಾಲೀಕರೂ ಕಂಡಿರಲಿಲ್ಲ. ಗುಂಡಿಯ ಮೇಲಿನ ಕಾಗದ ನಾಲ್ಕೂ ಮೂಲೆಗೆ ಭದ್ರವಾಗಿ ಅಂಟಿಕೊಂಡಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಬೇಕಾದ ಅಗತ್ಯವೂ ಇರಲಿಲ್ಲ. ಪ್ರೋಗ್ರಾಮನ್ನು ನಿಲ್ಲಿಸಿ ಶುರು ಮಾಡಲು ಕೀಬೋರ್ಡೊಂದು ಸಾಕು. ಕೀಬೋರ್ಡಿನ ಮುಂದೆ ಕೂತಿದ್ದವಳು ಚಿಕ್ಕಿ. ಕೈಗಳು ಮಡಿಲಲ್ಲಿದ್ದವು.

"ಯಾರು ಮಾಡಿದ್ದು?"

"ನಾನೇ ಮೇಡಂ."

"ಕೈತಪ್ಪಿ?"

"ಅಲ್ಲ."

"ನಿನ್ನ ಪರ ಇದ್ದದ್ದು ಅದೊಂದೇ ಸಾಕ್ಷಿ."

"ಗೊತ್ತು."

ಮೇಜಿನ ಮೇಲೆ ಅವಳ ಫೋನಿನ ಬೆಳಕು ಇನ್ನೂ ಆರಿರಲಿಲ್ಲ. ಈಗಷ್ಟೇ ಮುಗಿದ ಕರೆ. ಕರೆದವರ ಹೆಸರಿರುವ ಕಡೆ ಅವಳು ಬರೆದುಕೊಂಡಿದ್ದದ್ದು ‘ಇವರು’ ಎಂದು ಮಾತ್ರ. ಸೂಜಿ ಮೇಡಂ ಅದನ್ನು ನೋಡಿದರು. ಅವರು ನೋಡಿದ್ದನ್ನು ಚಿಕ್ಕಿ ನೋಡಿ ಫೋನನ್ನು ಬೋರಲು ಹಾಕಿದಳು.

"ಏನು ಹೇಳಿದ ಅವನು?"

"ಏನೂ ಇಲ್ಲ. ಊಟ ಆಯ್ತಾ ಅಂತ ಕೇಳಿದ್ರು." ಮೊದಲ ಸಲ ಅವಳು ಎದುರಿಗಿದ್ದವರ ಮುಖವನ್ನು ನೇರವಾಗಿ ನೋಡಿದಳು, ನೋಡಿ ತಡೆಯಲಾರದೆ ಕೆಳಗೆ ನೋಡಿದಳು. "ಅಕ್ಕ ಬರೆದಿರೋ ಕಾಗದ ತರಿಸಿ ಮೇಡಂ. ಸಹಿ ಹಾಕ್ತೀನಿ."

"ಚಿತ್ರ ಅಳಿಸಿದೆ ಅಂತಲೂ?"

"ಅದರಲ್ಲಿ ಏನಿದೆಯೋ ಅದಕ್ಕೆ."

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ತೋಳು ಇನ್ನೂ ಒದ್ದೆ. ಅವರು ಕಚೇರಿಯ ಕಡೆ ತಿರುಗಿ, ಕೆಮ್ಮಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಕಲ್ಲು ತೆಗೆದದ್ದು ನಾನು. ಗಂಟೆ ತಿರುಗಿಸಿದ್ದೂ ನಾನು."

ಯಾರೂ ಎದ್ದು ನಿಲ್ಲಲಿಲ್ಲ. ಮೂರು ದಿನದಿಂದ ತಡೆದಿದ್ದ ಕ್ಲಿನಿಕ್ಕುಗಳೆಲ್ಲ ಒಟ್ಟಿಗೆ ಕರೆಯುತ್ತಿದ್ದವು. ಎಲ್ಲರ ಕಿವಿಗೂ ಒಂದೊಂದು ಫೋನು. ಅಕ್ಕ ಒಂದು ಕೈಯೆತ್ತಿ, ಆಮೇಲೆ ಮೇಷ್ಟ್ರೇ, ಎಂದು ಸನ್ನೆ ಮಾಡಿದಳು. ಮೇಷ್ಟ್ರು ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಈ ಸಲ ಧ್ವನಿ ಅಷ್ಟು ಏಳಲಿಲ್ಲ. ಕೇಳಿಸಿಕೊಂಡವಳು ಒಬ್ಬಳೇ. ಚಿಕ್ಕಿ ಕುರ್ಚಿಯಿಂದ ಎದ್ದು, ಮೇಷ್ಟ್ರಿಗೆ ಕೂರಲು ಜಾಗ ಬಿಟ್ಟಳು.

ಮೆಟ್ಟಿಲ ಮೇಲೆ ಯಜಮಾನರ ಬೂಟಿನ ಸದ್ದಾಯಿತು. ಸಾಕ್ಷಿಯನ್ನು ಮಾತಾಡಿಸುವ ದೊಡ್ಡ ಪಾಸ್‌ವರ್ಡ್ ಅವರ ಜೊತೆಗೇ ಬಂದಿತ್ತು.

ಡಿಸ್ಕಿನಲ್ಲಿ ಈಗ ಬೇಕಾದಷ್ಟು ಜಾಗವಿತ್ತು.